ಬಿಸಿಲಿನಲ್ಲಿ ಪಾಲಿಥೀನಿನ ಮುಪ್ಪು

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಕಮಲಾಪುರ ಸಿಕ್ಕುತ್ತದೆ. ಹಂಪೆಯ ನೆರೆಯ ಕಮಲಾಪುರವಲ್ಲ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ. ಈ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳುಗಳ ಉಷ್ಣತೆ ೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಸಾಮಾನ್ಯ. ತೊಗರಿಯ ರಾಶಿಗೆ ಹೊದಿಸುವ ತಾಡಪತ್ರಿ, ಕೃಷಿಹೊಂಡದ ತಳಕ್ಕೆ ಹಾಸುವ ಹಾಳೆ, ಗಿಡದ ಬುಡಕ್ಕೆ ನೀರು ಹನಿಸುವ ಕೊಳವೆ, ಇವು ಬಹುಮಟ್ಟಿಗೆ ಪಾಲಿಥೀನಿನವು. ಕೊಂಡಾಗ ಎಳೆದಷ್ಟೂ ಹಿಗ್ಗುತ್ತಿದ್ದ ತೆಳುಹಾಳೆ ಕೆಲವು ಬೇಸಗೆಗಳ ತರುವಾಯ ಮಡಿಸಿದಲ್ಲಿ ಹಪ್ಪಳದಂತೆ ಮುರಿಯುತ್ತದೆ. ಅದನ್ನೇ ಕತ್ತಲೆಯ ಕೋಣೆಯಲ್ಲಿಟ್ಟಿದ್ದರೆ ಬಹುಕಾಲ ಹೊಸದರಂತೆಯೇ ಇರುತ್ತಿತ್ತು. ಬಿಸಿಲು ಅದಕ್ಕೆ ಮಾಡುವುದಾದರೂ ಏನು?

೧೯೩೩ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಐ.ಸಿ.ಐ. ಸಂಸ್ಥೆಯ ಗಿಬ್ಸನ್ ಮತ್ತು ಫಾಸೆಟ್ ಎಂಬ ವಿಜ್ಞಾನಿಗಳು ಎಥಿಲೀನ್ ಅನಿಲವನ್ನು ಅಧಿಕ ಒತ್ತಡಕ್ಕೆ ಗುರಿಮಾಡಿ ಬೇರೇನನ್ನೋ ಬಯಸಿದ್ದರು. ದೊರೆತದ್ದು ಮೇಣದಂಥ ಬಿಳಿಯ ವಸ್ತು. ಅದೇ ಪಾಲಿಥೀನ್. ಇಂಗಾಲದ ಸಾವಿರಾರು ಪರಮಾಣುಗಳು ಸರಪಳಿಯಾಗಿ ಹೆಣೆದುಕೊಂಡು, ಒಂದೊಂದಕ್ಕೂ ಜಲಜನಕದ ಎರಡೆರಡು ಪರಮಾಣುಗಳು ಅಂಟಿಕೊಂಡಿವೆಯೆಂದು ಭಾವಿಸಿದರೆ ಅದರ ಅಣುವಿನ ಚಿತ್ರ ದೊರೆತಂತೆ.

ಇಲ್ಲಿ ಒಂದು ಲೆಕ್ಕ ಮಾಡೋಣ. ಇಂಗಾಲ-ಇಂಗಾಲ ಬಂಧವನ್ನು ಕಡಿಯಲು ಮೋಲ್ ಒಂದಕ್ಕೆ ಸುಮಾರು ೩೫೦ ಕಿಲೋಜೂಲ್ ಶಕ್ತಿ ಬೇಕು. ೩೦೦ ನ್ಯಾನೋಮೀಟರ್ ತರಂಗಾಂತರದ ಅತಿನೇರಿಳೆ ಬೆಳಕಿನ ಫೋಟಾನುಗಳಲ್ಲಿ ಮೋಲ್ ಒಂದಕ್ಕೆ ಸುಮಾರು ೪೦೦ ಕಿಲೋಜೂಲ್ ಇದೆ. ಅಂಥ ಕಿರಣಗಳು ಸ್ವಲ್ಪ ಮಟ್ಟಿಗೆ ನೆಲವನ್ನು ಮುಟ್ಟುತ್ತವೆ. ಹಾಗಾದರೆ ಸರಪಳಿ ಮುರಿಯಬೇಕಾದುದೇ ಎನ್ನಬಹುದು. ಆದರೆ ಶುದ್ಧ ಪಾಲಿಥೀನು ಆ ಬೆಳಕನ್ನು ಹೀರುವುದೇ ಇಲ್ಲ! ಹೀರದ ಬೆಳಕು ಎಷ್ಟು ಪ್ರಬಲವಾಗಿದ್ದರೇನು, ಹಾದುಹೋಗುತ್ತದೆ.

ರಹಸ್ಯವಿರುವುದು ಕಶ್ಮಲಗಳಲ್ಲಿ. ಕಾರ್ಖಾನೆಯಲ್ಲಿ ಪಾಲಿಥೀನನ್ನು ಕರಗಿಸಿ ಹಾಳೆಯಾಗಿ ಎಳೆಯುವಾಗಲೇ ಆಮ್ಲಜನಕ ಅಲ್ಲಲ್ಲಿ ಸೇರಿ ಕಾರ್ಬೊನಿಲ್, ಹೈಡ್ರೊಪೆರಾಕ್ಸೈಡ್ ಎಂಬ ಗುಂಪುಗಳನ್ನು ಉಂಟುಮಾಡಿರುತ್ತದೆ. ಇವು ಅತಿನೇರಿಳೆಯನ್ನು ಹೀರುತ್ತವೆ, ಹೀರಿ ಒಡೆಯುತ್ತವೆ. ಒಡೆದ ತುಂಡು, ಅಂದರೆ ಮುಕ್ತ ರ್ಯಾಡಿಕಲ್, ಗಾಳಿಯ ಆಮ್ಲಜನಕವನ್ನು ಸೇರಿಸಿಕೊಂಡು, ನೆರೆಯ ಸರಪಳಿಯಿಂದ ಜಲಜನಕವೊಂದನ್ನು ಕಿತ್ತು ತಾನೊಂದು ಹೊಸ ಹೈಡ್ರೊಪೆರಾಕ್ಸೈಡಾಗುತ್ತದೆ. ಆ ನೆರೆಯ ಸರಪಳಿ ಈಗ ರ್ಯಾಡಿಕಲ್. ಹೊಸ ಹೈಡ್ರೊಪೆರಾಕ್ಸೈಡು ಬಿಸಿಲಿಗೆ ಒಡೆದರೆ ಮತ್ತೆರಡು ರ್ಯಾಡಿಕಲ್‌ಗಳು! ಸಾಲದ ಮೇಲಿನ ಚಕ್ರಬಡ್ಡಿಯಂತೆ ಕೇಡು ಕೇಡನ್ನು ಬೆಳೆಸುತ್ತದೆ. ಮೊದಮೊದಲು ಏನೂ ತೋರದೆ, ಒಮ್ಮೆಗೇ ಹಾಳೆ ಸಿಗಿಯುವುದು ಇದರಿಂದಲೇ. ನಿನ್ನೆಯವರೆಗೂ ಚೆನ್ನಾಗಿತ್ತೆಂದು ರೈತನು ಹೇಳಿದರೆ ಅದನ್ನು ನಂಬಬೇಕು. ಉಷ್ಣತೆಯೂ ಈ ಕ್ರಿಯೆಯನ್ನು ತ್ವರೆಗೊಳಿಸುತ್ತದೆ.

ಇನ್ನೊಂದು ಸ್ವಾರಸ್ಯವುಂಟು. ಹಾಳೆ ಪುಡಿಯಾಗಲು ಎಲ್ಲ ಬಂಧಗಳೂ ಕಡಿಯಬೇಕಾಗಿಲ್ಲ. ಪಾಲಿಥೀನಿನ ಸರಪಳಿಗಳು ಕೆಲವೆಡೆ ಒತ್ತಾಗಿ ಮಡಿಚಿಕೊಂಡು ಹರಳುಗಳಾಗಿರುತ್ತವೆ. ಹರಳಿನಿಂದ ಹರಳಿಗೆ ಕೆಲವೇ ಸರಪಳಿಗಳು ಹಾಯ್ದು ಅವನ್ನು ಕಟ್ಟಿಹಿಡಿದಿರುತ್ತವೆ. ನಮ್ಮ ಕಡೆಯ ಕೌದಿಯನ್ನು ನೆನೆಯಿರಿ: ಬಟ್ಟೆಯ ತುಂಡುಗಳೆಲ್ಲ ಗಟ್ಟಿಯಾಗಿದ್ದರೂ ಹೊಲಿಗೆಯ ದಾರ ಕಡಿದರೆ ಕೌದಿ ಉಳಿಯುವುದಿಲ್ಲ. ಆಮ್ಲಜನಕ ಹರಳುಗಳ ಒಳಹೊಗಲಾರದು. ಆದುದರಿಂದ ಅದು ಕಡಿಯುವುದು ಈ ಹೊಲಿಗೆಯನ್ನೇ.

ಹನಿ ನೀರಾವರಿಯ ಕೊಳವೆ ಕಪ್ಪಾಗಿರುವುದು ಅಂದಕ್ಕಲ್ಲ. ಅದರಲ್ಲಿ ನೂರಕ್ಕೆ ಸುಮಾರು ಎರಡೂವರೆ ಪಾಲು ನುಣುಪಾದ ಇಂಗಾಲದ ಮಸಿಯಿರುತ್ತದೆ. ಕಪ್ಪು ಕೊಳವೆ ಬಿಸಿಲಿಗೆ ಹೆಚ್ಚು ಕಾಯುವುದು ನಿಜ. ಆದರೂ ಅತಿನೇರಿಳೆಯನ್ನು ಮೇಲ್ಪದರದಲ್ಲಿಯೇ ಹೀರಿ ಒಳಗನ್ನು ಕಾಯುವ ಲಾಭವೇ ದೊಡ್ಡದು. ಬೆಳಕು ಬೇಕಾದ ಹಸಿರುಮನೆಯ ಹೊದಿಕೆಗೆ ಮಸಿ ಸಲ್ಲದು. ಅದಕ್ಕೆ ರ್ಯಾಡಿಕಲ್‌ಗಳನ್ನು ಹಿಡಿದು ಕಟ್ಟಿಹಾಕುವ ಒಂದು ಬಗೆಯ ಅಮೀನುಗಳನ್ನು ಬೆರೆಸುತ್ತಾರೆ. ಗಂಧಕದ ಔಷಧವನ್ನು ಮೇಲಿಂದಮೇಲೆ ಸಿಂಪಡಿಸಿದರೆ ಈ ಅಮೀನುಗಳು ನಿಷ್ಕ್ರಿಯವಾಗುತ್ತವೆಂಬುದನ್ನು ಕೊಳ್ಳುವವರು ತಿಳಿದಿರುವುದು ಲೇಸು.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಹಾಲಿನ ಖಾಲಿ ಪೊಟ್ಟಣದ ಮುದ್ರಣವಿಲ್ಲದ ಭಾಗದಿಂದ ಮೂರು ಪಟ್ಟಿಗಳನ್ನು ಕತ್ತರಿಸಿ, ಒಂದನ್ನು ಮಾಳಿಗೆಯ ಮೇಲೆ, ಒಂದನ್ನು ಕಿಟಕಿಯ ಗಾಜಿನ ಹಿಂದೆ, ಒಂದನ್ನು ಪೆಟ್ಟಿಗೆಯೊಳಗೆ ಇಡಿರಿ. ಗಾಜು ಸುಮಾರು ೩೨೦ ನ್ಯಾನೋಮೀಟರಿಗಿಂತ ಕಿರಿದಾದ ಅಲೆಗಳನ್ನು ಬಹುಪಾಲು ತಡೆಯುತ್ತದೆ. ತಿಂಗಳಿಗೊಮ್ಮೆ ಮೂರನ್ನೂ ಎಳೆದು, ಮಡಿಸಿ ಹೋಲಿಸಿರಿ.

ಪುಡಿಯಾದ ಹಾಳೆ ಮಾಯವಾಯಿತೆಂದು ತಿಳಿಯಬಾರದು. ಸರಪಳಿಗಳು ಇನ್ನೂ ಬಹಳ ಚಿಕ್ಕವಾಗುವವರೆಗೆ ಸೂಕ್ಷ್ಮಜೀವಿಗಳು ಅವನ್ನು ಜೀರ್ಣಿಸಿಕೊಳ್ಳಲಾರವು. ಕಪ್ಪುಮಣ್ಣಿನ ಬಿರುಕಿಗೆ ಬಿದ್ದ ಚೂರಿಗೆ ಬಿಸಿಲಿಲ್ಲ, ತಾಪ ಕಡಿಮೆ, ಗಾಳಿಯೂ ಕಡಿಮೆ. ಮೇಲೆ ಓಡುತ್ತಿದ್ದ ಕ್ರಿಯೆ ಅಲ್ಲಿ ಬಹುತೇಕ ನಿಂತುಬಿಡುತ್ತದೆ. ಹೊಲದಲ್ಲಿ ಹೊದಿಸಿದ ಹಾಳೆಯನ್ನು ಅದು ಇನ್ನೂ ಹಿಗ್ಗುವ ಸ್ಥಿತಿಯಲ್ಲಿರುವಾಗಲೇ ಕಿತ್ತು ಸುತ್ತಿಡಬೇಕು. ಹಪ್ಪಳವಾದ ಮೇಲೆ ಆ ಚೂರುಗಳನ್ನು ಮಣ್ಣಿನಿಂದ ಆರಿಸುವುದು ಸಾಧ್ಯವಿಲ್ಲ.