ಪಾಯಿಂಟ್ ಕಿತ್ತೆಸೆಯುವ ಮುಂಚೆ ಶಾಫ್ಟ್ ಅಲ್ಲಾಡಿಸಿ ನೋಡಿ

ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿ ಒಳಗೆ ಕೈಯಾಡಿಸಿದವರಿಗೆ ಎಂಜಿಬಿ ಸ್ಪೋರ್ಟ್ಸ್ ಕಾರಿನ ಎಂಜಿನ್ ತೀರಾ ಹೊಸದೆನಿಸದು. ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ ಸೀರೀಸ್’ ವಂಶದವು. 1955ರಲ್ಲಿ ಬಂದ ಎಂಜಿಎ ಕಾರಿನಲ್ಲಿ ಇದ್ದದ್ದು 1489 ಸಿಸಿ ಎಂಜಿನ್. ನಮ್ಮಲ್ಲಿ ಮದುವೆ ದಿಬ್ಬಣದಿಂದ ಹಿಡಿದು ಮಂತ್ರಿಗಳವರೆಗೆ ಎಲ್ಲರನ್ನೂ ಹೊತ್ತು ತಿರುಗಿದ ಅಂಬಾಸಿಡರಿನಲ್ಲಿ ದಶಕಗಳ ಕಾಲ ಇದ್ದದ್ದೂ 1489 ಸಿಸಿಯದೇ. 1962ರಲ್ಲಿ ಎಂಜಿಬಿಗೆ ಬರುವ ಹೊತ್ತಿಗೆ ಅದು 1798 ಸಿಸಿಗೆ ಬೆಳೆದು, ಜೋಡಿ ಎಸ್‌ಯು ಕಾರ್ಬ್ಯುರೇಟರ್ ಏರಿಸಿಕೊಂಡಿತ್ತು. ಅದರ ಪಕ್ಕೆಯಲ್ಲಿ, ಪ್ಲಗ್‌ಗಳ ಬದಿಗೆ, ಐದು ದಪ್ಪ ವೈರುಗಳ ಕಪ್ಪು ಟೋಪಿ ಹೊತ್ತ ಒಂದು ಡಬ್ಬಿ. ಅದೇ ಡಿಸ್ಟ್ರಿಬ್ಯೂಟರ್. ಮಾಡಿದವರು ಬರ್ಮಿಂಗ್‌ಹ್ಯಾಮಿನ ಲ್ಯೂಕಸ್. 1961ರಲ್ಲಿ ಮದ್ರಾಸಿನಲ್ಲಿ ಲ್ಯೂಕಸ್-ಟಿವಿಎಸ್ ಶುರುವಾದ ಮೇಲೆ ಆ ಹೆಸರು ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲೂ ನೆಲೆಸಿತು.

ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕುವವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳನ್ನು ಹೊರತಂದಿತು. ಬ್ರಿಟನ್, ಅಮೆರಿಕಗಳಲ್ಲಿ ಇವತ್ತಿಗೂ ಅವು ರಸ್ತೆಯ ಮೇಲಿವೆ. 1988ರಿಂದ ಈ ಕಾರಿನ ಹೊಸ ಬಾಡಿಯೇ ಮಾರಾಟಕ್ಕೆ ಬಂತೆಂದರೆ ಬಿಡಿಭಾಗಗಳ ವ್ಯಾಪಾರ ಎಷ್ಟು ದೊಡ್ಡದೆಂದು ಊಹಿಸಿಕೊಳ್ಳಬಹುದು. ಆ ವ್ಯಾಪಾರದಲ್ಲಿ ಬಹಳ ಜನ ಮೊದಲು ಕೊಳ್ಳುವ ಮಾಲು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್. ಪಾಯಿಂಟ್, ಕಂಡೆನ್ಸರ್ ಕಿತ್ತು ಆ ಜಾಗಕ್ಕೆ ಬೆರಳುದ್ದದ ಮಾಡ್ಯೂಲ್ ಕೂರಿಸಿ ಎರಡು ವೈರ್ ಸೇರಿಸಿದರೆ ಕೆಲಸ ಮುಗಿಯಿತು. ಇನ್ನು ಗ್ಯಾಪ್ ನೋಡುವುದು ಬೇಡ, ಉಜ್ಜುವುದು ಬೇಡ ಎನ್ನುತ್ತದೆ ಜಾಹೀರಾತು. ಆ ಮಾತು ಸುಳ್ಳಲ್ಲ. ಆದರೆ ಡಬ್ಬಿಯೊಳಗೆ ಸವೆಯುವುದು ಪಾಯಿಂಟ್ ಒಂದೇ ಅಲ್ಲ.

ಪಾಯಿಂಟ್, ಕಾಯಿಲ್‌ಗಳಿಂದ ಕಿಡಿ ಹುಟ್ಟಿಸುವ ಏರ್ಪಾಟಿನ ಮೂಲಪುರುಷ ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಓಹಾಯೋದ ಡೇಟನ್ನಿನಲ್ಲಿ ಡೆಲ್ಕೊ ಕಂಪನಿ ಕಟ್ಟಿದವನು. ಅವನ ಇಗ್ನಿಷನ್ 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಹ್ಯಾಂಡಲ್ ತಿರುವುವ ಕಷ್ಟ ತಪ್ಪಿಸಿದ ಸೆಲ್ಫ್ ಸ್ಟಾರ್ಟರ್ ಕೂಡ ಅವನದೇ ಕೊಡುಗೆ. ಕೆಲಸದ ಬಗೆ ಸರಳ. ಪಾಯಿಂಟ್ ಮುಚ್ಚಿರುವಾಗ ಬ್ಯಾಟರಿಯಿಂದ ಕಾಯಿಲ್‌ಗೆ ಸುಮಾರು 4 ಆಂಪಿಯರ್ ಕರೆಂಟ್ ಹರಿಯುತ್ತದೆ. ಶಾಫ್ಟಿನ ಮೇಲಿನ ನಾಲ್ಕು ಮೂಲೆಯ ಕ್ಯಾಮ್ ಬಂದು ಪಾಯಿಂಟನ್ನು ತೆರೆದ ಕ್ಷಣ ಆ ಕರೆಂಟ್ ಕಡಿದು, ಕಾಯಿಲ್ಲಿನ ಇನ್ನೊಂದು ಸುತ್ತಿನಲ್ಲಿ ಹತ್ತು ಸಾವಿರಕ್ಕೂ ಮೀರಿದ ವೋಲ್ಟೇಜ್ ಹುಟ್ಟುತ್ತದೆ. ರೋಟರ್ ಅದನ್ನು ಸರದಿಯ ಪ್ಲಗ್ಗಿಗೆ ದಾಟಿಸುತ್ತದೆ. ಕಂಡೆನ್ಸರ್ ಇಲ್ಲದಿದ್ದರೆ ಕಿಡಿ ಪ್ಲಗ್ ಬಿಟ್ಟು ಪಾಯಿಂಟಿನ ಬಾಯಲ್ಲೇ ಹಾರಿ ಅದನ್ನು ಸುಟ್ಟುಹಾಕುತ್ತದೆ.

ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಡಿಸ್ಟ್ರಿಬ್ಯೂಟರ್ ಶಾಫ್ಟ್ 1500 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೆ ನಾಲ್ಕು ಕಿಡಿ. ಅಂದರೆ ಸೆಕೆಂಡಿಗೆ 100 ಸಲ, ಒಂದು ಗಂಟೆಯ ಪ್ರಯಾಣದಲ್ಲಿ 3.6 ಲಕ್ಷ ಸಲ ಪಾಯಿಂಟ್ ತೆರೆದು ಮುಚ್ಚಿಕೊಳ್ಳಬೇಕು. ಕ್ಯಾಮ್‌ಗೆ ಒರಗಿಕೊಂಡ ಅದರ ಹಿಮ್ಮಡಿ ಸವೆಯದೆ ಏನು ಮಾಡೀತು? ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಪಿಕಪ್ ಇಳಿಯುತ್ತದೆ, ಎಂಜಿನ್ ಕಾಯುತ್ತದೆ. ಜೊತೆಗೆ ಒಂದು ಬದಿಯ ಲೋಹ ಎದ್ದು ಇನ್ನೊಂದು ಬದಿಯಲ್ಲಿ ಗುಡ್ಡೆ ಕಟ್ಟುತ್ತದೆ. ಮೈಸೂರಿನಲ್ಲಿ ತಯಾರಾದ ಯೆಜ್ಡಿ ಓಡಿಸಿದ ತಲೆಮಾರಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಉಪ್ಪುಕಾಗದದ ಚೂರು ಅವರ ಟೂಲ್ ಬಾಕ್ಸಿನಲ್ಲೇ ಇರುತ್ತಿತ್ತು.

ಇಷ್ಟು ತೊಂದರೆಯನ್ನು ಎಲೆಕ್ಟ್ರಾನಿಕ್ ಮಾಡ್ಯೂಲ್ ಖಂಡಿತ ನೀಗಿಸುತ್ತದೆ. ಅದು ಕೈಹಾಕದ ಜಾಗಗಳೇ ಬೇರೆ.

ಮೊದಲನೆಯದು ಶಾಫ್ಟಿನ ಬುಷ್. ಎಂಜಿಬಿಯ ಹಳೆಯ ‘25ಡಿ4’ ಮಾದರಿಯಲ್ಲಿ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇರಬೇಕು. ಬುಷ್ ಸವೆದು ಶಾಫ್ಟ್ ಪಕ್ಕಕ್ಕೆ 0.1 ಮಿಲಿಮೀಟರ್ ಅಲ್ಲಾಡಿದರೂ ಗ್ಯಾಪಿನ ಕಾಲು ಭಾಗ ಹೋಯಿತು. ಅದೂ ನಾಲ್ಕು ಸಿಲಿಂಡರಿಗೂ ಒಂದೇ ಸಮ ಹೋಗುವುದಿಲ್ಲ. ಒಂದಕ್ಕೆ ಕಿಡಿ ಬೇಗ, ಇನ್ನೊಂದಕ್ಕೆ ತಡ. ಟೈಮಿಂಗ್ ಲೈಟ್ ಹಿಡಿದರೆ ಗುರುತು ಒಂದೆಡೆ ನಿಲ್ಲದೆ ನಡುಗುತ್ತದೆ. ಮಾಲೀಕರು ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸುತ್ತ ಕೂರುತ್ತಾರೆ. ಕಾರ್ಬ್ಯುರೇಟರಿನ ಕಾಯಿಲೆ ಬಹುಪಾಲು ಡಿಸ್ಟ್ರಿಬ್ಯೂಟರಿನಲ್ಲಿರುತ್ತದೆ ಎಂಬ ಗ್ಯಾರೇಜಿನ ಹಳೆಯ ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ.

ಎರಡನೆಯದು ಪಾಯಿಂಟ್ ಕೂತಿರುವ ಪ್ಲೇಟಿನ ಕೆಳಗೆ ಅಡಗಿರುವ ತೂಕದ ತುಂಡುಗಳು ಮತ್ತು ಸ್ಪ್ರಿಂಗುಗಳು. ವೇಗ ಏರಿದಂತೆ ಕಿಡಿಯನ್ನು ಮುಂದಕ್ಕೆ ತರುವುದು ಇವುಗಳ ಕೆಲಸ. ತೂಕಗಳು ಹೊರಕ್ಕೆ ಹಾರಿ ಕ್ಯಾಮನ್ನು ತುಸು ತಿರುಗಿಸುತ್ತವೆ, ಸ್ಪ್ರಿಂಗುಗಳು ಹಿಡಿದೆಳೆಯುತ್ತವೆ. ಒಂದು ಸ್ಪ್ರಿಂಗ್ ತೆಳು, ಇನ್ನೊಂದು ದಪ್ಪ. ದಪ್ಪದರ ಕೊಂಡಿ ಬೇಕೆಂದೇ ಸಡಿಲ, ಏಕೆಂದರೆ ಅದು ಎಳೆಯಬೇಕಾದದ್ದು ವೇಗ ಸಾಕಷ್ಟು ಏರಿದ ಮೇಲೆ. ಇದು ಗೊತ್ತಿಲ್ಲದವರು ‘ಲೂಸಾಗಿದೆ’ ಎಂದು ಕೊಂಡಿ ಬಗ್ಗಿಸಿ ಬಿಗಿ ಮಾಡುತ್ತಾರೆ. ಕಾರ್ಖಾನೆ ಲೆಕ್ಕ ಹಾಕಿ ಕೊಟ್ಟ ಟೈಮಿಂಗ್ ಅಲ್ಲಿಗೆ ಮುಗಿಯಿತು.

ಮೂರನೆಯದು ಪಕ್ಕದಲ್ಲಿ ತಟ್ಟೆಯಂತೆ ಕಾಣುವ ವ್ಯಾಕ್ಯೂಮ್ ಯೂನಿಟ್. ಹದವಾಗಿ ಆಕ್ಸಿಲರೇಟರ್ ಒತ್ತಿ ಓಡಿಸುವಾಗ ಕಿಡಿಯನ್ನು ಇನ್ನಷ್ಟು ಮುಂದೆ ತಂದು ಪೆಟ್ರೋಲ್ ಉಳಿಸುವುದು ಇದೇ. ಅದರ ಮೈಮೇಲೆ 5-13-10 ಎಂಬಂಥ ಅಂಕಿ ಕೊರೆದಿರುತ್ತದೆ. ಪಾದರಸದ 5 ಇಂಚು ಎಳೆತಕ್ಕೆ ಶುರು, 13ಕ್ಕೆ ಪೂರ್ತಿ, ಹೆಚ್ಚೆಂದರೆ 10 ಡಿಗ್ರಿ ಎಂದು ಅದರ ಅರ್ಥ. ಒಳಗಿನ ಪೊರೆ ಹರಿದಿದ್ದರೂ ಕಾರು ಓಡುತ್ತದೆ, ಪೆಟ್ರೋಲ್ ಮಾತ್ರ ಹೆಚ್ಚು ಕುಡಿಯುತ್ತದೆ. ನಳಿಕೆಗೆ ಬಾಯಿಟ್ಟು ಎಳೆದು ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುವ ಈ ದೋಷವನ್ನು ವರ್ಷಗಟ್ಟಲೆ ಯಾರೂ ನೋಡಿರುವುದಿಲ್ಲ. ಇದರ ಜೊತೆಗೇ ಪ್ಲೇಟಿಗೆ ಕಟ್ಟಿದ ಸಣ್ಣ ಅರ್ತ್ ವೈರ್. ಪ್ಲೇಟ್ ತಿರುಗಿದಾಗೆಲ್ಲ ಮಡಚಿ ಮಡಚಿ ಬಟ್ಟೆಯ ಹೊದಿಕೆಯೊಳಗೇ ಅದರ ಎಳೆಗಳು ತುಂಡಾಗುತ್ತವೆ. ಗಾಡಿ ನಿಂತಿದ್ದಾಗ ಎಲ್ಲವೂ ಸರಿ, ಆಕ್ಸಿಲರೇಟರ್ ಕೊಟ್ಟೊಡನೆ ಮಿಸ್ಸಿಂಗ್.

ಇವನ್ನೆಲ್ಲ ಸರಿಮಾಡುವುದನ್ನೇ ಕಸುಬು ಮಾಡಿಕೊಂಡವರು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಇದ್ದಾರೆ. ಡಿಸ್ಟ್ರಿಬ್ಯೂಟರ್ ಪೂರ್ತಿ ಬಿಚ್ಚಿ, ತೊಳೆದು, ಹಳೆಯ ಬುಷ್ ಹೊಡೆದು ತೆಗೆದು, ಎಣ್ಣೆ ಹೀರಿಕೊಂಡಿರುವ ಕಂಚಿನ ಹೊಸ ಬುಷ್ ಕೂರಿಸಿ ಶಾಫ್ಟಿನ ಅಳತೆಗೆ ಕೊರೆಯುತ್ತಾರೆ. ಡಬ್ಬಿಯ ಮೇಲೆ ಕೊರೆದ ಐದಂಕಿಯ ಲ್ಯೂಕಸ್ ಸಂಖ್ಯೆ ನೋಡಿ ಅದು ಯಾವ ಕಾರಿನದು, ಯಾವ ಸ್ಪ್ರಿಂಗ್ ಬೇಕು ಎಂದು ತಿಳಿಯುತ್ತಾರೆ. ಕೊನೆಗೆ ಪರೀಕ್ಷಾ ಯಂತ್ರಕ್ಕೆ ಏರಿಸುತ್ತಾರೆ. ಷಿಕಾಗೋದ ಸನ್ ಎಲೆಕ್ಟ್ರಿಕ್ ಕಂಪನಿಯ ಹಳೆಯ ಯಂತ್ರಗಳಿಗೆ ಈ ಕಸುಬಿನಲ್ಲಿ ಇನ್ನೂ ಬೆಲೆಯಿದೆ. ಮೋಟಾರು ಡಿಸ್ಟ್ರಿಬ್ಯೂಟರನ್ನು ಬೇಕಾದ ವೇಗದಲ್ಲಿ ತಿರುಗಿಸುತ್ತದೆ, ಡಿಗ್ರಿ ಬರೆದ ಉಂಗುರದ ಮೇಲೆ ಪ್ರತಿ ಕಿಡಿಯೂ ಒಂದು ಬೆಳಕಿನ ಗೆರೆಯಾಗಿ ಕಾಣುತ್ತದೆ. ನಾಲ್ಕು ಗೆರೆಗಳು 90 ಡಿಗ್ರಿಗೊಂದರಂತೆ ಅಲ್ಲಾಡದೆ ನಿಂತರೆ ಶಾಫ್ಟ್ ಸರಿಯಿದೆ. ವೇಗ ಏರಿಸುತ್ತ ಹೋದಂತೆ ಗೆರೆಗಳು ಎಷ್ಟು ಸರಿದವೆಂದು ಬರೆದುಕೊಂಡು ಕಾರ್ಖಾನೆಯ ಪಟ್ಟಿಗೆ ತಾಳೆ ನೋಡುತ್ತಾರೆ. ಕಾರಿನಲ್ಲೇ ಇಟ್ಟು ಕಿವಿಯಿಂದ ಟೈಮಿಂಗ್ ಹಿಡಿಯುವ ಉಸ್ತಾದರ ಬಗ್ಗೆ ನನಗೆ ಗೌರವವಿದೆ. ಆದರೆ ಕಿವಿಗೆ ಸಿಗುವುದು ಐಡ್ಲಿಂಗಿನ ಟೈಮಿಂಗ್. ನಾಲ್ಕು ಸಾವಿರ ಸುತ್ತಿನಲ್ಲಿ ಏನಾಗುತ್ತಿದೆ ಎಂಬುದು ಯಂತ್ರಕ್ಕೇ ಗೊತ್ತಾಗಬೇಕು.

ಹಾಗಾದರೆ ಜನ ಎಲೆಕ್ಟ್ರಾನಿಕ್ಸ್ ಕಡೆ ಓಡಿದ್ದೇಕೆ? ಸೋಮಾರಿತನ ಒಂದೇ ಕಾರಣವಲ್ಲ. ಇತ್ತೀಚಿನ ದಶಕಗಳಲ್ಲಿ ಮಾರುಕಟ್ಟೆಗೆ ಬಂದ ನಕಲು ಮಾಲು ಅಷ್ಟು ಕೆಟ್ಟದಿತ್ತು. ಹೊಸ ಕಂಡೆನ್ಸರ್ ಹಾಕಿದ ಕೆಲವೇ ದಿನಕ್ಕೆ ಕಾರು ದಾರಿಯಲ್ಲಿ ನಿಲ್ಲುವುದು ಮಾಮೂಲಾಯಿತು. ರೋಟರ್‌ಗಳ ಕತೆ ಇನ್ನೂ ಕೆಟ್ಟದ್ದು. ಹಿತ್ತಾಳೆ ಪಟ್ಟಿಯನ್ನು ಹಿಡಿದ ರಿವೆಟ್ ಕೆಳಗಿನ ಶಾಫ್ಟಿಗೆ ತೀರಾ ಹತ್ತಿರ ಬಂದು, ಕಿಡಿ ಪ್ಲಾಸ್ಟಿಕ್ಕನ್ನು ತೂರಿ ಶಾಫ್ಟಿಗೇ ಇಳಿದುಬಿಡುತ್ತಿತ್ತು. ರಿವೆಟ್ಟೇ ಇಲ್ಲದ ಕೆಂಪು ರೋಟರ್ ತಯಾರಾಗಿ ಜನಪ್ರಿಯವಾದದ್ದು ಇದರಿಂದಲೇ. ಗಮನಿಸಬೇಕಾದ ಸಂಗತಿ ಏನೆಂದರೆ, ಎಲೆಕ್ಟ್ರಾನಿಕ್ ಕಿಟ್ ಹಾಕಿದರೂ ರೋಟರ್, ಕ್ಯಾಪ್, ಬುಷ್, ತೂಕ, ಸ್ಪ್ರಿಂಗ್ ಎಲ್ಲವೂ ಹಳೆಯವೇ ಉಳಿಯುತ್ತವೆ.

ಕಿಟ್‌ಗಳಲ್ಲೂ ಬಗೆಗಳಿವೆ. ಅಮೆರಿಕದ ಪರ್ಟ್ರಾನಿಕ್ಸ್ ಮಾದರಿಯಲ್ಲಿ ಕ್ಯಾಮ್ ಮೇಲೆ ಅಯಸ್ಕಾಂತದ ಉಂಗುರ ತಿರುಗುತ್ತದೆ, ಪಕ್ಕದ ಸೆನ್ಸರ್ ಅದನ್ನು ಗುರುತಿಸುತ್ತದೆ. ಬ್ರಿಟನ್ನಿನ ಲ್ಯುಮೆನಿಷನ್ ಬೆಳಕಿನ ಕಿರಣವನ್ನು ಅಡ್ಡಗಟ್ಟುವ ಬಿಲ್ಲೆಯಿಂದ ಕೆಲಸ ಮಾಡುತ್ತದೆ. ನೆದರ್ಲೆಂಡ್ಸಿನ 123 ಇಗ್ನಿಷನ್ ಇಡೀ ಡಿಸ್ಟ್ರಿಬ್ಯೂಟರನ್ನೇ ಹೊಸದಾಗಿ ಕೊಡುತ್ತದೆ. ತೂಕವಿಲ್ಲ, ಸ್ಪ್ರಿಂಗಿಲ್ಲ, ಟೈಮಿಂಗಿನ ಲೆಕ್ಕವೆಲ್ಲ ಒಳಗಿನ ಚಿಪ್ಪಿನದು. ಮೊಬೈಲಿನಿಂದಲೇ ಟೈಮಿಂಗ್ ಬದಲಿಸುವ ಮಾದರಿಯೂ ಇದೆ. ಸವೆದ ಡಬ್ಬಿಗೆ ನಿಜವಾದ ಬದಲಿ ಎಂದರೆ ಇದು, ಬೆಲೆಯೂ ಹಾಗೆಯೇ.

ಹಾಕಿಸುವ ಮುಂಚೆ ನೋಡಬೇಕಾದ ಕೆಲವು ವಿಷಯಗಳಿವೆ. 1967ರವರೆಗಿನ ಎಂಜಿಬಿಗಳು ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿದ್ದು. ನೆಗೆಟಿವ್ ಅರ್ತ್ ಕಿಟ್ ಅದಕ್ಕೆ ಸೇರಿಸಿದರೆ ಮಾಡ್ಯೂಲ್ ಸುಡುತ್ತದೆ. ಕಾಯಿಲ್ಲಿನ ರೆಸಿಸ್ಟೆನ್ಸ್ ಕೂಡ ಹೊಂದಬೇಕು. ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಸಾಮಾನ್ಯವಾಗಿ ಹೇಳುವುದು 3 ಓಮ್. ಒಂದೂವರೆ ಓಮಿನ ಕಾಯಿಲ್ ನೇರ ಹಾಕಿದರೆ ಎರಡರಷ್ಟು ಕರೆಂಟ್ ಹರಿದು ಮಾಡ್ಯೂಲ್ ಕಾಯುತ್ತದೆ. ಎಂಜಿನ್ ನಿಂತಿರುವಾಗ ಕೀ ಆನ್ ಇಟ್ಟು ರೇಡಿಯೋ ಕೇಳುವ ಅಭ್ಯಾಸವೂ ಅದಕ್ಕೆ ಆಗಿಬರುವುದಿಲ್ಲ. ಬರೀ ತಾಮ್ರದ ಪ್ಲಗ್ ವೈರ್ ತೆಗೆದು ಸಪ್ರೆಸರ್ ಇರುವುದನ್ನೇ ಹಾಕಬೇಕು. ಹಳೆಯ ಸ್ಮಿತ್ಸ್ ಆರ್‌ಪಿಎಂ ಮೀಟರ್ ಕಾಯಿಲ್ಲಿನ ಕರೆಂಟ್ ನೋಡಿ ಎಣಿಸುವಂಥದ್ದು. ಕೆಲವು ಕಿಟ್ ಹಾಕಿದ ಮೇಲೆ ಅದರ ಮುಳ್ಳು ಕುಣಿಯಲು ಶುರುಮಾಡುತ್ತದೆ.

ಎಲೆಕ್ಟ್ರಾನಿಕ್ಸ್ ಎಂದೊಡನೆ ಭರವಸೆ ಎಂದುಕೊಳ್ಳುವವರು ಲ್ಯೂಕಸ್ಸಿನದೇ ‘ಓಪಸ್’ ಇತಿಹಾಸ ನೋಡಬೇಕು. 1971ರಲ್ಲಿ ಜಾಗ್ವಾರ್ ವಿ12 ಎಂಜಿನ್ನಿಗೆ ಬಂದ ಈ ವ್ಯವಸ್ಥೆಯ ಆಂಪ್ಲಿಫೈಯರ್ ಎಂಜಿನ್ನಿನ ಕಾವಿಗೆ ಸೋಲುತ್ತಿತ್ತು. 1975ರ ನಂತರ ಅಮೆರಿಕಕ್ಕೆ ಹೋದ ಎಂಜಿಬಿಗಳಲ್ಲಿ ಆಂಪ್ಲಿಫೈಯರನ್ನು ಡಿಸ್ಟ್ರಿಬ್ಯೂಟರಿನ ಹೊಟ್ಟೆಯೊಳಗೇ ತುರುಕಿದರು. ಅದನ್ನು ಕಿತ್ತು ಹಳೆಯ ಪಾಯಿಂಟ್ ಡಿಸ್ಟ್ರಿಬ್ಯೂಟರ್ ಹಾಕಿಸಿಕೊಂಡ ಮಾಲೀಕರೂ ಇದ್ದರು! ಪೋರ್ಷೆ ಮಾತ್ರ ಮಧ್ಯದ ದಾರಿ ಹಿಡಿದು ಗೆದ್ದಿತು. 1969ರಿಂದ 911 ಕಾರುಗಳಲ್ಲಿ ಬಾಷ್ ಎಲೆಕ್ಟ್ರಾನಿಕ್ ಪೆಟ್ಟಿಗೆ ಕಿಡಿ ಹುಟ್ಟಿಸುತ್ತಿತ್ತು, ಪಾಯಿಂಟಿನ ಪಾಲಿಗೆ ಉಳಿದದ್ದು ಬರೀ ಸಂಜ್ಞೆ ಕೊಡುವ ಹಗುರ ಕೆಲಸ. ಹಾಗಾಗಿ ಅದು ಸುಡುತ್ತಿರಲಿಲ್ಲ.

ಹಳೆಯ ಕಾರು ಇಟ್ಟುಕೊಂಡವರಿಗೆ ನನ್ನ ಸಲಹೆ ಇಷ್ಟೆ. ಮೊದಲ ದುಡ್ಡು ಬುಷ್, ವ್ಯಾಕ್ಯೂಮ್ ಯೂನಿಟ್, ಒಳ್ಳೆಯ ರೋಟರ್ ಮತ್ತು ಕ್ಯಾಪಿಗೆ ಹೋಗಲಿ. ರೋಟರ್ ಕೆಳಗಿನ ಸ್ಕ್ರೂ ಮೇಲೆ ಎರಡು ಹನಿ ಎಣ್ಣೆ, ಕ್ಯಾಮ್‌ಗೆ ಚೂರು ಗ್ರೀಸ್ ಮರೆಯಬೇಡಿ. ಮಾಡ್ಯೂಲ್ ಹಾಕಿದ ಮೇಲೆ ಗ್ರೀಸ್ ಬೇಕಿಲ್ಲ, ಎಣ್ಣೆ ಮಾತ್ರ ಆಗಲೂ ಬೇಕು. ಅದಾದ ಮೇಲೆ ಕಿಟ್ ಹಾಕಿಸಿದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಪಾಯಿಂಟ್ ಕೆಡುವ ಮುಂಚೆ ವಾರಗಟ್ಟಲೆ ಸೂಚನೆ ಕೊಡುತ್ತದೆ, ಮಾಡ್ಯೂಲ್ ಸತ್ತರೆ ನಿಂತಲ್ಲೇ ಸಾಯುತ್ತದೆ, ರಿಪೇರಿಯೂ ಇಲ್ಲ. ಆದ್ದರಿಂದ ಕಿಟ್ ಹಾಕುವಾಗ ಬಿಚ್ಚಿದ ಹಳೆಯ ಪಾಯಿಂಟ್, ಒಂದು ಒಳ್ಳೆಯ ಕಂಡೆನ್ಸರ್, ಫೀಲರ್ ಗೇಜ್ ಮತ್ತು ಒಂದು ಸ್ಕ್ರೂಡ್ರೈವರ್ ಡಿಕ್ಕಿಯಲ್ಲಿ ಸದಾ ಇರಲಿ.