ಗಣಕಯಂತ್ರಕ್ಕೆ ವೈ-ಫೈ ಏಕೆ ಎಟುಕದು?

ಮೊಬೈಲಿಗೆ ಚೆನ್ನಾಗಿ ದೊರೆಯುವ ವೈ-ಫೈ ಸಂಕೇತವು ಅದೇ ಕೋಣೆಯ ಗಣಕಯಂತ್ರಕ್ಕೆ ಕ್ಷೀಣವಾಗಿ ತಲಪುವುದುಂಟು. ಪರೀಕ್ಷೆಯ ಅರ್ಜಿಯನ್ನು ಕಳುಹಿಸುವಾಗಲೇ ಸಂಪರ್ಕವು ಕಡಿದುಹೋಗಬಹುದು. ಇದಕ್ಕೆ ಕಾರಣವೇನು?

1888ರಲ್ಲಿ ಜರ್ಮನಿಯ ಹೈನ್ರಿಕ್ ಹರ್ಟ್ಸನು ಸತುವಿನ ತಗಡಿಗೆ ತಾಗಿದ ರೇಡಿಯೋ ಅಲೆಗಳು ಹಿಂದಿರುಗುವುವೆಂದು ಪ್ರಯೋಗದಿಂದ ತೋರಿಸಿದನು. ಗಣಕದ ಪೆಟ್ಟಿಗೆಯೂ ಲೋಹದ್ದು. ಆಂಟೆನಾ ಸಾಮಾನ್ಯವಾಗಿ ಅದರ ಬೆನ್ನಿಗೆ, ಗೋಡೆಯ ಮಗ್ಗುಲಲ್ಲಿ ಅಡಗಿರುತ್ತದೆ. ಆದುದರಿಂದ ಮೊದಲು ಆಂಟೆನಾದ ತಿರುಪನ್ನು ಬಿಗಿಗೊಳಿಸಿರಿ. ಬಳಿಕ ಪೆಟ್ಟಿಗೆಯನ್ನು ಗೋಡೆಯಿಂದ ಈಚೆಗೆ ತಂದು ತಿರುಗಿಸಿರಿ.

ಕೋಣೆಯಲ್ಲಿ ಪ್ರತಿಫಲಿಸಿದ ಅಲೆಗಳು ಕೆಲವೆಡೆ ಒಂದನ್ನೊಂದು ಅಳಿಸುತ್ತವೆ, ಕೆಲವೆಡೆ ಬಲಪಡಿಸುತ್ತವೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದವು ಸುಮಾರು 12.5 ಸೆಂಟಿಮೀಟರು ಮಾತ್ರ. ಹೀಗಾಗಿ ಆಂಟೆನಾವನ್ನು ನಾಲ್ಕು ಬೆರಳಷ್ಟು ಸರಿಸಿದರೂ ಸಂಕೇತವು ಚೇತರಿಸಬಹುದು. ಹೊಸ ಯಂತ್ರಕ್ಕೆ ಹಣ ತೆರುವ ಮುನ್ನ ಈ ಪ್ರಯೋಗವನ್ನು ಮಾಡಿ ನೋಡಿರಿ.