ಕೃಷ್ಣಗಿರಿಯ ಕಾಡು ಮತ್ತು ಮುಂಬಯಿಯ ನೀರು

ಬೋರಿವಲಿಯಿಂದ ಠಾಣೆಯವರೆಗೆ ಹಬ್ಬಿರುವ ಗುಡ್ಡಗಳ ಸಾಲಿಗೆ ಇಂದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವೆಂದು ಹೆಸರು. ಉದ್ಯಾನವೆಂಬ ಮಾತನ್ನು ಕೇಳಿ ಇದನ್ನು ಹೂದೋಟವೆಂದು ಭಾವಿಸಲಾಗದು. ಸುಮಾರು 104 ಚದರ ಕಿಲೋಮೀಟರು ವಿಸ್ತಾರದ ಈ ಪ್ರದೇಶವು ಚಿರತೆಗಳ ನೆಲೆಯಾದ ನಿಜವಾದ ಅರಣ್ಯ. ವಾರಲಿ ಮೊದಲಾದ ಆದಿವಾಸಿಗಳ ಹಾಡಿಗಳೂ ಇದರಲ್ಲಿವೆ.

ಇಲ್ಲಿಯ ನೆಲದ ಸ್ವರೂಪ ಒಂದೇ ಬಗೆಯದಲ್ಲ. ಇಳಿಜಾರುಗಳಲ್ಲಿ ಬೇಸಗೆಗೆ ಎಲೆಯುದುರುವ ತೇಗ ಮುಂತಾದ ಮರಗಳು. ಬಂಡೆಗಳ ನಡುವೆ ಎಂಟು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹೂಬಿಡುವ ಕಾರವಿಯ ಪೊದೆಗಳು. ಉತ್ತರದ ವಸಯಿ ಖಾಡಿಯ ಅಂಚಿನಲ್ಲಿ ಉಪ್ಪುನೀರಿನ ಕಾಂಡ್ಲಾ ವನ. ನಡುವೆ ತುಲಸಿ ಮತ್ತು ವಿಹಾರ ಎಂಬ ಎರಡು ಕೆರೆಗಳು.

ಈ ಬೆಟ್ಟದ ಪ್ರಾಚೀನ ನಾಮ ಕೃಷ್ಣಗಿರಿ, ಅಂದರೆ ಕರಿಯ ಬೆಟ್ಟ. ಅದರಿಂದಲೇ ಕಾನ್ಹೇರಿ ಎಂಬ ರೂಪ ಬಂದಿದೆ. ಕರಿಗಲ್ಲಿನಲ್ಲಿ ಕೊರೆದ ನೂರಕ್ಕೂ ಮಿಕ್ಕ ಬೌದ್ಧ ಗುಹೆಗಳು ಇಲ್ಲಿವೆ. ಇವುಗಳಲ್ಲಿ ಹಲವಕ್ಕೆ ಒಂದೊಂದು ನೀರಿನ ತೊಟ್ಟಿಯಿದ್ದು, ಬಂಡೆಯಲ್ಲಿ ಕಡಿದ ಕಾಲುವೆಗಳ ಮೂಲಕ ಮಳೆನೀರು ಅದರೊಳಗೆ ಇಳಿಯುವಂತೆ ಮಾಡಲಾಗಿದೆ. ನಾಲ್ಕು ತಿಂಗಳ ಮಳೆಯನ್ನು ಸಂಗ್ರಹಿಸಿಕೊಂಡು ಉಳಿದ ಎಂಟು ತಿಂಗಳು ಬಾಳುವ ಉಪಾಯವನ್ನು ಭಿಕ್ಷುಗಳು ಹೀಗೆ ಕಂಡುಕೊಂಡಿದ್ದರು.

ಕನ್ನಡಿಗರಿಗೆ ಈ ಬೆಟ್ಟವು ಪರಸ್ಥಳವಲ್ಲ. ಒಂಬತ್ತನೆಯ ಶತಮಾನದಲ್ಲಿ ಕೊಂಕಣವನ್ನಾಳುತ್ತಿದ್ದ ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಇಲ್ಲಿಯ ಸಂಘಕ್ಕೆ ಸಂದ ದಾನಗಳನ್ನು ಹೇಳುವ ಸಂಸ್ಕೃತ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. ಅವುಗಳಲ್ಲಿ ಒಂದು ಶಕ 799ರದು, ಎಂದರೆ ಕ್ರಿ.ಶ. 877ರ ಸುಮಾರಿನದು. 'ಕವಿರಾಜಮಾರ್ಗ'ವು ಯಾವ ಅರಸನ ಆಸ್ಥಾನದಲ್ಲಿ ಹುಟ್ಟಿತೋ ಅವನ ಆಳ್ವಿಕೆಯ ನೆರಳು ಈ ಗುಹೆಗಳವರೆಗೂ ಚಾಚಿತ್ತು.

ಭಿಕ್ಷುಗಳ ಉಪಾಯವನ್ನೇ ಬ್ರಿಟಿಷರ ಕಾಲದ ಮುಂಬಯಿ ದೊಡ್ಡ ಪ್ರಮಾಣದಲ್ಲಿ ಅನುಸರಿಸಿತು. ವಿಹಾರ ಕೆರೆ 1860ರಲ್ಲಿಯೂ ತುಲಸಿ ಕೆರೆ 1879ರಲ್ಲಿಯೂ ಸಿದ್ಧವಾದುವು. ಕೆರೆಗೆ ಹರಿಯುವ ನೀರು ಕೆಡದಿರಬೇಕಾದರೆ ಸುತ್ತಲ ಕಾಡು ಉಳಿಯಬೇಕಷ್ಟೆ. ಇಂದು ನಗರಕ್ಕೆ ಬಹುಪಾಲು ನೀರು ದೂರದ ಭಾತಸಾ, ವೈತರಣಾ ನದಿಗಳಿಂದ ಬರುತ್ತಿರುವುದರಿಂದ ಈ ಸಂಬಂಧ ಜನರ ಕಣ್ಣಿಗೆ ಬೀಳುವುದಿಲ್ಲ.

ಆದರೆ ದಹಿಸರ, ಪೋಯಿಸರ, ಮಿಠಿ ನದಿಗಳು ಇಂದಿಗೂ ಈ ಗುಡ್ಡಗಳಿಂದಲೇ ಇಳಿಯುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದು, ಒತ್ತುವರಿಯಿಂದ ಕಿರಿದಾಗಿದ್ದ ಮಿಠಿ ದಡ ಮೀರಿತು. ಅಂಥ ಮಳೆಯನ್ನು ಯಾವ ಕಾಡೂ ಪೂರ್ತಿಯಾಗಿ ತಡೆಯಲಾರದು. ಆದರೆ ಮರಗಳಿರುವ ಇಳಿಜಾರು ನೀರಿನ ವೇಗವನ್ನು ತಗ್ಗಿಸುತ್ತದೆ, ಕಾಂಕ್ರೀಟು ಹಾಸಿದ ನೆಲ ಹೆಚ್ಚಿಸುತ್ತದೆ.

ಈ ಬೆಟ್ಟದಡಿಯಲ್ಲಿ ಠಾಣೆಗೂ ಬೋರಿವಲಿಗೂ ಜೋಡಿ ಸುರಂಗಮಾರ್ಗ ಕೊರೆಯುವ ಯೋಜನೆಗೆ 2024ರಲ್ಲಿ ಭೂಮಿಪೂಜೆ ನಡೆದಿದೆ. ಇಂಥ ಕಾರ್ಯಗಳ ಲಾಭನಷ್ಟವನ್ನು ಎಣಿಸುವಾಗ ಉಳಿತಾಯವಾಗುವ ಪ್ರಯಾಣದ ವೇಳೆಯನ್ನು ಮಾತ್ರ ಹಿಡಿದರೆ ಲೆಕ್ಕ ಅರ್ಧವಾಗುವುದು. ಬೆಟ್ಟ ಹಿಡಿದಿಟ್ಟು ಬಿಡುವ ನೀರಿನ ಬೆಲೆಯೂ ಅದರಲ್ಲಿ ಸೇರತಕ್ಕದ್ದು.